ಮೆಕೆಂಜಿ: ನೆಲ ಬಿಟ್ಟು ಹೊರಟ ಹೆಸರು

ಎಡಿನ್‌ಬರೋದ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿ ಹನ್ನೆರಡು ಅಡಿ ಎತ್ತರ, ಹದಿನೇಳು ಅಡಿ ಅಗಲದ ಒಂದು ತೈಲಚಿತ್ರವಿದೆ. ಬೇಟೆಗೆ ಬಂದ ಸ್ಕಾಟ್ಲೆಂಡಿನ ದೊರೆ ಮೂರನೆಯ ಅಲೆಕ್ಸಾಂಡರ್ ನೆಲಕ್ಕೆ ಬಿದ್ದಿದ್ದಾನೆ. ಕೆರಳಿದ ಗಂಡುಜಿಂಕೆಯೊಂದು ಕೊಂಬು ಚಾಚಿ ಅವನ ಮೇಲೆ ಎರಗುತ್ತಿದೆ. ಕಾಲಿನ್ ಫಿಟ್ಜೆರಾಲ್ಡ್ ಎಂಬ ಐರಿಷ್ ಯೋಧ ಈಟಿ ಹಿಡಿದು ನಡುವೆ ನುಗ್ಗಿದ್ದಾನೆ. ಬೆಂಜಮಿನ್ ವೆಸ್ಟ್ ಇದನ್ನು ಬರೆದು ಮುಗಿಸಿದ್ದು 1786ರಲ್ಲಿ. ಬರೆಸಿದವನು ಮೆಕೆಂಜಿ ಕುಲದ ನಾಯಕ ಫ್ರಾನ್ಸಿಸ್ ಹಂಬರ್‌ಸ್ಟನ್ ಮೆಕೆಂಜಿ. ದೊರೆಯ ಪ್ರಾಣ ಉಳಿಸಿದ ಆ ಕಾಲಿನ್‌ಗೆ 1266ರಲ್ಲಿ ಕಿಂಟೇಲ್ ಸೀಮೆ ಉಂಬಳಿಯಾಗಿ ಸಿಕ್ಕಿತು, ಅವನೇ ತಮ್ಮ ಮೂಲಪುರುಷ, ಕುಲದ ಲಾಂಛನದಲ್ಲಿರುವ ಜಿಂಕೆಯ ಕೊಂಬು ಅದರ ನೆನಪು ಎಂದು ಮೆಕೆಂಜಿಗಳು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದರು.

ಈ ಕಥೆಗೆ ಇತಿಹಾಸದ ಆಧಾರವಿಲ್ಲ. 1266ರ ಸನದನ್ನು ವಿದ್ವಾಂಸರು ಒಪ್ಪುವುದಿಲ್ಲ. 1467ರ ಗೇಲಿಕ್ ವಂಶಾವಳಿಯ ಹಸ್ತಪ್ರತಿಯೊಂದು ಈ ಕುಲದ ಬೇರನ್ನು ಐರ್ಲೆಂಡಿನ ಸರದಾರರಲ್ಲಿ ತೋರಿಸದೆ ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಲ್ಲೇ ತೋರಿಸುತ್ತದೆ. ನೆರೆಯ ಮ್ಯಾಥೆಸನ್ನರಿಗೂ ಇವರಿಗೂ ಒಬ್ಬನೇ ಪೂರ್ವಜ ಎನ್ನುತ್ತದೆ. ಹೆಸರೂ ಅದನ್ನೇ ಹೇಳುತ್ತದೆ. ಗೇಲಿಕ್‌ನಲ್ಲಿ ಅದು ‘ಮಾಕ್ ಕೋಯಿನ್ನಿಚ್’, ಕೋಯಿನ್ನ್ಯಾಚ್ ಎಂಬವನ ಮಗ. ಇಂಗ್ಲಿಷಿನ ಕೆನೆತ್ ಅದೇ ಹೆಸರು. ಮಗಳಾದರೆ ‘ನಿಕ್ ಕೋಯಿನ್ನಿಚ್’. ಸ್ಕಾಟ್ ಭಾಷೆಯ ಹಳೆಯ ಬರಹಗಾರರು ಈ ಹೆಸರನ್ನು ಯಕಾರದ ಹತ್ತಿರ ನಿಲ್ಲುವ ಯೋಗ್ ಎಂಬ ಅಕ್ಷರ ಬಳಸಿ ಬರೆಯುತ್ತಿದ್ದರು. ಅಚ್ಚುಮನೆಗಳಲ್ಲಿ ಆ ಅಕ್ಷರದ ಮೊಳೆ ಇರಲಿಲ್ಲವಾದ್ದರಿಂದ ಆಕಾರದಲ್ಲಿ ಅದನ್ನು ಹೋಲುವ ಝೆಡ್ ಜೋಡಿಸಿದರು. ಕಾಲ ಕಳೆದಂತೆ ಓದುಗರು ಅಚ್ಚಿನಲ್ಲಿ ಕಂಡದ್ದನ್ನೇ ಉಚ್ಚರಿಸಿದರು. ಇವತ್ತು ಜಗತ್ತೆಲ್ಲ ಹೇಳುವ ‘ಮೆಕೆಂಜಿ’ ಹೀಗೆ ಹುಟ್ಟಿತು.

ಹಾಗಾದರೆ ಮೆಕೆಂಜಿಗಳೆಲ್ಲ ಒಬ್ಬ ಕೆನೆತ್‌ನ ಸಂತಾನವೇ? ಅಲ್ಲ. ಬೆಟ್ಟಸೀಮೆಯಲ್ಲಿ ಕುಲವೆಂದರೆ ರಕ್ತಸಂಬಂಧದ ಜೊತೆಗೆ ಒಂದು ನೆಲದ ಒಕ್ಕಲು, ಒಬ್ಬ ನಾಯಕನ ಆಶ್ರಯ. ನಾಯಕನ ಭೂಮಿ ಉಳುವವನು, ಅವನಿಗೆ ಗೇಣಿ ಕೊಡುವವನು, ಅವನ ಕರೆಗೆ ಕತ್ತಿ ಹಿಡಿಯುವವನು ಅವನ ಹೆಸರನ್ನೂ ಹೊತ್ತುಕೊಳ್ಳಬಹುದಿತ್ತು. ಫ್ರೇಸರ್ ಕುಲದ ನಾಯಕ ತನ್ನ ಹೆಸರು ಇಟ್ಟುಕೊಂಡವರಿಗೆ ಓಟ್ಸ್ ಹಿಟ್ಟಿನ ಮೂಟೆ ಕೊಡುತ್ತಿದ್ದನೆಂಬ ಕಥೆ ಅಲ್ಲಿ ಇವತ್ತಿಗೂ ಪ್ರಚಾರದಲ್ಲಿದೆ. ಎಲ್ಲರೂ ಹೆಸರು ಬದಲಿಸಿದರೆಂದೂ ಅಲ್ಲ. ಕಿಂಟೇಲಿನ ಮಕ್ರೇಗಳು ತಮ್ಮ ಹೆಸರನ್ನು ಬಿಡದೆ ಮೆಕೆಂಜಿಗಳಿಗೆ ನಿಷ್ಠರಾಗಿದ್ದರು. ಅವರನ್ನು ‘ಮೆಕೆಂಜಿಯ ಕವಚ’ ಎಂದೇ ಕರೆಯುತ್ತಿದ್ದರು. ಮೂರು ಕಡಲ ಹಿನ್ನೀರುಗಳು ಕೂಡುವಲ್ಲಿ ನಿಂತ ಐಲೀನ್ ಡೊನನ್ ಕೋಟೆಯನ್ನು ಕಾಯುತ್ತಿದ್ದವರು ಅವರೇ. 1539ರಲ್ಲಿ ಆ ಕೋಟೆಗೆ ದೋಣಿಗಳಲ್ಲಿ ಮುತ್ತಿಗೆ ಹಾಕಲು ಬಂದ ಸ್ಲೀಟ್‌ನ ಡೊನಾಲ್ಡ್ ಗೋರ್ಮ್‌ಗೆ ಮರ್ಮಾಘಾತದ ಬಾಣ ಬಿಟ್ಟವನು ಡಂಕನ್ ಮಕ್ರೇ.

ಕುಲ ಬೆಳೆದದ್ದು ರಾಜನ ಪಕ್ಷ ಹಿಡಿದು. ಪಶ್ಚಿಮದ ದ್ವೀಪಗಳನ್ನು ಆಳುತ್ತಿದ್ದ ಮೆಕ್‌ಡೊನಾಲ್ಡರ ಒಡೆತನವನ್ನು ಸ್ಕಾಟ್ಲೆಂಡಿನ ಅರಸರು 1493ರಲ್ಲಿ ಕಿತ್ತುಕೊಂಡಾಗ ತೆರವಾದ ಜಾಗಕ್ಕೆ ಮೆಕೆಂಜಿಗಳು ನುಗ್ಗಿದರು. ನೂರು ವರ್ಷದ ನಂತರ ಅದೇ ಚಾತುರ್ಯ ಲೂಯಿಸ್ ದ್ವೀಪದಲ್ಲೂ ಫಲಿಸಿತು. ಆರನೆಯ ಜೇಮ್ಸ್ ದೊರೆ ಆ ದ್ವೀಪವನ್ನು ಫೈಫ್ ಸೀಮೆಯ ಕೆಲವು ಸಾಹಸಿ ಜಮೀನುದಾರರಿಗೆ 1598ರಲ್ಲಿ ಕೊಟ್ಟಿದ್ದ. ಅಲ್ಲಿದ್ದ ಮೆಕ್ಲಿಯಡ್‌ಗಳು ಅವರನ್ನು ನೆಲೆಯೂರಲು ಬಿಡಲಿಲ್ಲ. ಸೋತು ಸುಣ್ಣವಾದ ಆ ಜಮೀನುದಾರರ ಹಕ್ಕನ್ನು 1610ರ ಹೊತ್ತಿಗೆ ಕೊಂಡುಕೊಂಡವನು ಕಿಂಟೇಲಿನ ಕೆನೆತ್ ಮೆಕೆಂಜಿ. ಅವನ ಮಗ ಕಾಲಿನ್ 1623ರಲ್ಲಿ ಸೀಫೋರ್ತ್‌ನ ಅರ್ಲ್ ಆದ. ಆ ಬಿರುದಿಗೆ ಹೆಸರು ಕೊಟ್ಟದ್ದು ಲೂಯಿಸ್ ದ್ವೀಪದ ಒಂದು ಹಿನ್ನೀರು. ಪೂರ್ವ ಕರಾವಳಿಯ ಬ್ಲ್ಯಾಕ್ ಐಲ್‌ನಿಂದ ಪಶ್ಚಿಮದ ದ್ವೀಪಗಳವರೆಗೆ ಮೆಕೆಂಜಿ ಎಂಬ ಹೆಸರು ಒಂದು ಸೀಮೆಯ ಹೆಸರಿನಂತಾಯಿತು.

ಆಮೇಲೆ ಬಂದದ್ದು ಜಾಕೊಬೈಟ್ ಬಂಡಾಯ. ಗಡಿಪಾರಾದ ಸ್ಟುವರ್ಟ್ ಅರಸುಮನೆತನದ ಪರ ನಿಂತು ಐದನೆಯ ಅರ್ಲ್ ವಿಲಿಯಂ 1715ರಲ್ಲಿ ಬಂಡೆದ್ದ. ಸೋತ, ಆಸ್ತಿ ಮುಟ್ಟುಗೋಲಾಯಿತು. 1719ರಲ್ಲಿ ಸ್ಪೇನಿನ ಸೈನಿಕರೊಡನೆ ಮತ್ತೆ ಬಂದಾಗ ಬ್ರಿಟಿಷ್ ನೌಕಾಪಡೆ ಐಲೀನ್ ಡೊನನ್ ಕೋಟೆಯನ್ನು ಸಿಡಿಮದ್ದಿಟ್ಟು ಉರುಳಿಸಿತು. ಜೂನ್ 10ರಂದು ಗ್ಲೆನ್‌ಶೀಲ್ ಕಣಿವೆಯಲ್ಲಿ ಬಂಡಾಯ ಮುಗಿಯಿತು. ಅರ್ಲ್ ಫ್ರಾನ್ಸಿಗೆ ಪಲಾಯನ ಮಾಡಿದ. ಇಲ್ಲಿಂದ ಮುಂದಿನದ್ದೇ ಈ ಚರಿತ್ರೆಯಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವ ಭಾಗ. ಭೂಮಿ ಸರಕಾರದ್ದಾಗಿತ್ತು, ಗೇಣಿ ಸರಕಾರಕ್ಕೆ ಸಲ್ಲಬೇಕಿತ್ತು. ಕಿಂಟೇಲಿನ ಒಕ್ಕಲುಗಳು ಮಾತ್ರ ಅದನ್ನು ಡೊನಾಲ್ಡ್ ಮರ್ಚಿಸನ್ ಎಂಬ ಪಾರುಪತ್ಯಗಾರನ ಕೈಗೆ ಕೊಟ್ಟರು. ಅವನು ಅದನ್ನು ಗುಟ್ಟಾಗಿ ದೇಶಭ್ರಷ್ಟ ಒಡೆಯನಿಗೆ ತಲುಪಿಸಿದ. ವಸೂಲಿಗೆ ಬಂದ ಸರಕಾರಿ ಅಧಿಕಾರಿಗಳನ್ನು ಜನ ಕಣಿವೆಯ ಬಾಯಲ್ಲೇ ಬಂದೂಕು ಹಿಡಿದು ತಡೆದರು. ಕಾನೂನು ಕಳಚಿದ ಸಂಬಂಧವನ್ನು ಬಡ ರೈತರು ತಮ್ಮ ದುಡಿಮೆಯಿಂದ ಉಳಿಸಿಕೊಂಡಿದ್ದರು.

ಆ ನಿಷ್ಠೆಗೆ ಅದೇ ಮನೆತನದ ಮುಂದಿನ ತಲೆಮಾರು ಏನು ಕೊಟ್ಟಿತು ಎಂದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಆಸ್ತಿಯನ್ನು ಮರಳಿ ಕೊಂಡ ಮನೆತನ ಲಂಡನ್ನಿನ ಶ್ರೀಮಂತ ಸಮಾಜಕ್ಕೆ ಒಗ್ಗಿತ್ತು, ಸಾಲಕ್ಕೆ ಬಿದ್ದಿತ್ತು. ವಿಲಿಯಂನ ಮೊಮ್ಮಗ ಕೆನೆತ್ 1778ರಲ್ಲಿ ತನ್ನ ಒಕ್ಕಲುಗಳಿಂದ ಸಾವಿರಕ್ಕೂ ಹೆಚ್ಚು ಜನರ ಒಂದು ಪಡೆ ಕಟ್ಟಿ ಬ್ರಿಟಿಷ್ ದೊರೆಗೆ ಒಪ್ಪಿಸಿದ. ಅದೇ ಸೀಫೋರ್ತ್ ಹೈಲ್ಯಾಂಡರ್ಸ್. ತಮ್ಮನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಿದ್ದಾರೆಂಬ ಸುದ್ದಿ ಹಬ್ಬಿದ್ದರಿಂದ, ಬಾಕಿ ಹಣವೂ ಕೈಗೆ ಬಾರದ್ದರಿಂದ ಆ ಸೆಪ್ಟೆಂಬರಿನಲ್ಲಿ ನೂರಾರು ಸೈನಿಕರು ಲೀತ್ ಬಂದರಿನಲ್ಲಿ ಹಡಗು ಹತ್ತಲು ನಿರಾಕರಿಸಿದರು. ಅವರು ಎಡಿನ್‌ಬರೋ ಪಕ್ಕದ ಆರ್ಥರ್ಸ್ ಸೀಟ್ ಗುಡ್ಡ ಹತ್ತಿ ಕೂತರು, ಊರವರು ರೊಟ್ಟಿ, ಬಿಯರು ಹೊತ್ತು ತಂದುಕೊಟ್ಟರು. ಪಡೆಯಲ್ಲಿ ಮಕ್ರೇಗಳು ಹೆಚ್ಚಿದ್ದುದರಿಂದ ಆ ಪ್ರಸಂಗಕ್ಕೆ ಅವರ ಹೆಸರೇ ಅಂಟಿತು. ಮಾಫಿ ಮತ್ತು ಬಾಕಿಯ ಭರವಸೆ ಪಡೆದು ಅವರು ಕೆಳಗಿಳಿದರು. ಮೂರು ವರ್ಷ ಕಳೆಯುವುದರೊಳಗೆ ಭಾರತದ ಹಡಗು ಹತ್ತಿದರು. 1782ರ ಏಪ್ರಿಲಿನಲ್ಲಿ ಮದರಾಸು ಮುಟ್ಟುವ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಮಂದಿ ಸ್ಕರ್ವಿ ರೋಗಕ್ಕೆ ಬಲಿಯಾಗಿದ್ದರು. ಜೊತೆಗೆ ಹೊರಟಿದ್ದ ಕೆನೆತ್ ಕೂಡ ಕಡಲಿನಲ್ಲೇ ತೀರಿಕೊಂಡಿದ್ದ. ಉಳಿದವರು ಇಳಿದದ್ದು ಹೈದರಾಲಿಯ ವಿರುದ್ಧದ ಯುದ್ಧದೊಳಕ್ಕೆ.

ಊರಲ್ಲಿ ಉಳಿದವರೂ ಹೊರಡುತ್ತಿದ್ದರು. ಗೇಣಿ ಏರಿತ್ತು, ಬೆಳೆ ಕೈಕೊಟ್ಟಿತ್ತು. 1773ರ ಬೇಸಿಗೆಯಲ್ಲಿ ಮೆಕೆಂಜಿ ಸೀಮೆಯ ಲಾಕ್ ಬ್ರೂಮ್‌ನಿಂದ ‘ಹೆಕ್ಟರ್’ ಎಂಬ ಹಳೆಯ ಹಡಗು ಸುಮಾರು ಇನ್ನೂರು ಜನರನ್ನು ತುಂಬಿಕೊಂಡು ಕೆನಡಾದ ನೋವಾ ಸ್ಕೋಷಿಯಾಕ್ಕೆ ಹೊರಟಿತು. ಪಯಣಿಗರಲ್ಲಿ ಹಲವರ ಹೆಸರು ಮೆಕೆಂಜಿ. ಸಿಡುಬು, ಆಮಶಂಕೆ ಹಡಗಿನೊಳಗೇ ಹಬ್ಬಿ ಹಲವು ಎಳೆಯ ಮಕ್ಕಳು ಸತ್ತರು. ಸೆಪ್ಟೆಂಬರ್ 15ರಂದು ಪಿಕ್ಟೋ ದಡಕ್ಕೆ ಇಳಿದಾಗ ಎದುರಿಗೆ ಇದ್ದದ್ದು ನೀರಿನ ಅಂಚಿನವರೆಗೆ ಒತ್ತೊತ್ತಾಗಿ ಬೆಳೆದ ಕಾಡು, ಚಳಿಗಾಲ ಬಾಗಿಲಲ್ಲಿತ್ತು. ನೋವಾ ಸ್ಕೋಷಿಯಾದ ಗೇಲಿಕ್ ವಸಾಹತಿನ ಚರಿತ್ರೆ ಆರಂಭವಾಗುವುದು ಆ ದಡದಿಂದ.

ಮರುವರ್ಷ, 1774ರಲ್ಲಿ, ಲೂಯಿಸ್ ದ್ವೀಪದ ಸ್ಟೋರ್ನೋವೇ ಬಂದರಿನಿಂದ ಅಮೆರಿಕಕ್ಕೆ ಹೊರಟವರಲ್ಲಿ ತಾಯಿಯಿಲ್ಲದ ಒಬ್ಬ ಹುಡುಗನಿದ್ದ. ಹತ್ತು ವರ್ಷದ ಅಲೆಕ್ಸಾಂಡರ್ ಮೆಕೆಂಜಿ. ನ್ಯೂಯಾರ್ಕಿನಲ್ಲಿದ್ದ ತಂದೆಯನ್ನು ಸೇರಿದ, ಅಮೆರಿಕದ ಯುದ್ಧ ಶುರುವಾದ ಮೇಲೆ ಮಾಂಟ್ರಿಯಲ್‌ಗೆ ಬಂದ, ತುಪ್ಪಳದ ವ್ಯಾಪಾರಕ್ಕೆ ಸೇರಿ ನಾರ್ತ್ ವೆಸ್ಟ್ ಕಂಪನಿಯ ಪಾಲುದಾರನಾದ. 1789ರಲ್ಲಿ ಪೆಸಿಫಿಕ್ ಸಾಗರ ಹುಡುಕಿಕೊಂಡು ಒಂದು ಮಹಾನದಿಯ ಗುಂಟ ದೋಣಿಗಳಲ್ಲಿ ಹೋದ. ಅದು ಅವನನ್ನು ಆರ್ಕ್‌ಟಿಕ್ ಸಾಗರಕ್ಕೆ ತಲುಪಿಸಿತು. ದಾರಿ ತೋರಿಸಿದವರು ಆ ನೆಲದ ಮೂಲನಿವಾಸಿಗಳು; ಅವರ ಬಾಯಲ್ಲಿ ಆ ನದಿಗೆ ‘ದೇಹ್ ಚೋ’, ಮಹಾನದಿ, ಎಂಬ ಹೆಸರು ಮೊದಲೇ ಇತ್ತು. 1,738 ಕಿಲೋಮೀಟರ್ ಉದ್ದದ ಆ ನದಿ ಭೂಪಟದಲ್ಲಿ ಮೆಕೆಂಜಿಯಾಯಿತು. 1793ರ ಜುಲೈಯಲ್ಲಿ ಅವನು ಬೆಟ್ಟಗಳನ್ನು ದಾಟಿ ಪೆಸಿಫಿಕ್ ತೀರಕ್ಕೂ ಮುಟ್ಟಿದ. ಅಲ್ಲಿಯ ಬಂಡೆಯೊಂದರ ಮೇಲೆ, ಕೆಂಪು ಬಣ್ಣವನ್ನು ಕೊಬ್ಬಿನಲ್ಲಿ ಕಲಸಿ, ತನ್ನ ಹೆಸರು ಮತ್ತು ತಾರೀಕು ಬರೆದ. ವಯಸ್ಸಾದ ಮೇಲೆ ಸ್ಕಾಟ್ಲೆಂಡಿಗೆ ಮರಳಿ ಬ್ಲ್ಯಾಕ್ ಐಲ್‌ನ ಏವಕ್ ಊರಿನಲ್ಲಿ ನೆಲೆಸಿದ. 1812ರಲ್ಲಿ ಅವನು ಮದುವೆಯಾದ ಗೆಡ್ಡೆಸ್ ಕೂಡ ಮೆಕೆಂಜಿ ಮನೆಯವಳೇ.

ಅದೇ ಸ್ಟೋರ್ನೋವೇಯಲ್ಲಿ ಅಲೆಕ್ಸಾಂಡರನಿಗಿಂತ ಸುಮಾರು ಹತ್ತು ವರ್ಷ ಮೊದಲು ಹುಟ್ಟಿದ ಇನ್ನೊಬ್ಬ ಮೆಕೆಂಜಿ ಕನ್ನಡ ನಾಡಿಗೆ ಬಂದ. ಕರ್ನಾಟಕದ ಇತಿಹಾಸ ಓದುವವರಿಗೆ ಕರ್ನಲ್ ಮೆಕೆಂಜಿ ಎಂದೇ ಪರಿಚಿತನಾದ ಕಾಲಿನ್ ಮೆಕೆಂಜಿ ಊರ ಬಂದರಿನಲ್ಲಿ ಸುಂಕದ ಕೆಲಸದಲ್ಲಿದ್ದ. ಸೀಫೋರ್ತ್ ಮನೆತನದ ಶಿಫಾರಸಿನಿಂದ ಕಂಪನಿಯ ಸೈನ್ಯದಲ್ಲಿ ಜಾಗ ಸಿಕ್ಕಿ 1783ರಲ್ಲಿ ಮದರಾಸಿಗೆ ಬಂದ. ಶ್ರೀರಂಗಪಟ್ಟಣದ 1792 ಮತ್ತು 1799ರ ಎರಡೂ ಮುತ್ತಿಗೆಗಳಲ್ಲಿ ಎಂಜಿನಿಯರ್ ಆಗಿದ್ದ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಮೋಜಣಿಯ ಹೊಣೆ ಅವನ ಮೇಲೆ ಬಿತ್ತು. ಸುಮಾರು 40,000 ಚದರ ಮೈಲಿ ನೆಲವನ್ನು ಹತ್ತಿರ ಹತ್ತಿರ ಹತ್ತು ವರ್ಷ ಅಳೆದ. ಮಲೇರಿಯಾ ಅವನ ತಂಡವನ್ನೂ ಅವನನ್ನೂ ಬಿಡಲಿಲ್ಲ.

ಸರಪಳಿ ಹಿಡಿದು ನೆಲ ಅಳೆದು ಸುಮ್ಮನಾಗಿದ್ದರೆ ಅವನ ಹೆಸರು ಸರಕಾರಿ ಕಡತದಲ್ಲಿ ಉಳಿಯುತ್ತಿತ್ತು, ಅಷ್ಟೆ. ಅವನು ಊರೂರಿನ ಶಾನುಭೋಗರಿಂದ, ಮಠಗಳಿಂದ, ಪಾಳೆಯಗಾರರ ಮನೆಗಳಿಂದ ಕೈಫಿಯತ್ತುಗಳನ್ನು, ಎಂದರೆ ಊರಿನ ಚರಿತ್ರೆಯ ಬರಹಗಳನ್ನು, ಬರೆಸಿ ತರಿಸಿದ, ಶಾಸನಗಳ ಪ್ರತಿ ಮಾಡಿಸಿದ, ಹಂಪಿಯ ಅವಶೇಷಗಳ ನಕ್ಷೆ ಮತ್ತು ಚಿತ್ರ ಮಾಡಿದ. ದೇಶಭಾಷೆಗಳು ತನಗೆ ಬರುವುದಿಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ. ಓದಿದವರು, ಅರ್ಥ ಬಿಡಿಸಿದವರು ಅವನ ಸಹಾಯಕರು. ಕಾವಲಿ ಬೋರಯ್ಯ, ಲಕ್ಷ್ಮಯ್ಯ, ರಾಮಸ್ವಾಮಿ ಎಂಬ ತೆಲುಗು ಸೋದರರು. ಹಳಗನ್ನಡ ಶಾಸನಗಳನ್ನು ಓದಬಲ್ಲ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಮಲೆಯೂರಿನ ಕನಕಗಿರಿಯಲ್ಲೇ ಕವಿ ದೇವಚಂದ್ರ 1804ರಲ್ಲಿ ಮೆಕೆಂಜಿಯನ್ನು ಕಂಡ. ಮುಂದೆ ‘ರಾಜಾವಳೀ ಕಥೆ’ ಬರೆದ ದೇವಚಂದ್ರನಿಗೆ ಚರಿತ್ರೆಯ ಸಾಮಗ್ರಿ ಕೂಡಿಡುವ ಹಂಬಲ ಬಲಿಯಲು ಈ ಭೇಟಿಯೂ ಕಾರಣವಾಯಿತು. 1816ರಲ್ಲಿ ಥಾಮಸ್ ಹಿಕಿ ಬರೆದ ಭಾವಚಿತ್ರದಲ್ಲಿ ಕೆಂಪು ಸಮವಸ್ತ್ರದ ಮೆಕೆಂಜಿಯ ಸುತ್ತ ಭಾರತೀಯ ಸಹಾಯಕರು ನಿಂತಿದ್ದಾರೆ. ಹಿಂದೆ ಬೆಟ್ಟದ ಮೇಲೆ ಗೊಮ್ಮಟನಿದ್ದಾನೆ. ಕಂಪನಿಯ ಒಬ್ಬ ಅಧಿಕಾರಿ ತನ್ನ ಚಿತ್ರದಲ್ಲಿ ಅವರಿಗೆ ಅಷ್ಟು ಜಾಗ ಕೊಟ್ಟದ್ದು ಆ ಕಾಲಕ್ಕೆ ದೊಡ್ಡದು. ಆದರೂ ಆ ಸಂಗ್ರಹಕ್ಕೆ ಅವನೊಬ್ಬನ ಹೆಸರೇ ನಿಂತಿತು. ಬೋರಯ್ಯ, ಧರ್ಮಯ್ಯರ ಹೆಸರು ಇತಿಹಾಸದ ಅಭ್ಯಾಸಿಗಳಾಚೆ ಬಹಳ ಜನಕ್ಕೆ ಗೊತ್ತಿಲ್ಲ.

1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಕಾಲಿನ್ 1821ರಲ್ಲಿ ಕಲ್ಕತ್ತದ ಬಳಿ ತೀರಿಕೊಂಡ. ಲೂಯಿಸಿಗೆ ಮರಳಲೇ ಇಲ್ಲ. ಅವನು ಕೂಡಿಸಿದ ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ ಎಂದು ಪ್ರಕಟಿಸಿತು. ಎಷ್ಟೋ ಊರುಗಳ ಪಾಳೆಯಗಾರರ ಕಥೆ ನಮಗೆ ಉಳಿದಿರುವುದು ಆ ಬರಹಗಳಲ್ಲಿ.

ಕಡಲ ಇನ್ನೊಂದು ದಿಕ್ಕಿಗೆ ಹೋದ ಮೆಕೆಂಜಿ ಹೆಸರಿನ ಕಥೆ ಹೇಳಲು ಕಷ್ಟವಾದರೂ ಬಿಡುವಂತಿಲ್ಲ. ವೆಸ್ಟ್‌ನಿಂದ ಚಿತ್ರ ಬರೆಸಿದ ಫ್ರಾನ್ಸಿಸ್ 1801ರಿಂದ 1806ರವರೆಗೆ ಕೆರಿಬಿಯನ್ ಸಮುದ್ರದ ಬಾರ್ಬಡೋಸಿನ ಗವರ್ನರ್ ಆಗಿದ್ದ. ಗುಲಾಮರನ್ನು ಕೊಲ್ಲುವುದಕ್ಕೆ ಮರಣದಂಡನೆ ವಿಧಿಸುವ ಕಾಯಿದೆ ತರಲು ಅವನು ಹೆಣಗಿದ್ದು ನಿಜ. ಇಂದಿನ ಗಯಾನಾಕ್ಕೆ ಸೇರಿದ ಬರ್ಬೀಸಿನಲ್ಲಿ ತನ್ನ ಸಾಲ ತೀರಿಸಲು ಹತ್ತಿಯ ತೋಟ ಮಾಡಿ ಗುಲಾಮರನ್ನು ದುಡಿಸಿದ್ದೂ ನಿಜ. ಜಮೈಕಾದಲ್ಲಿ, ಗಯಾನಾದಲ್ಲಿ ಇವತ್ತು ಮೆಕೆಂಜಿ ಎಂಬ ಹೆಸರು ಸಾಮಾನ್ಯ. ಸ್ಕಾಟಿಷ್ ತೋಟಗಾರರ, ಮೇಸ್ತ್ರಿಗಳ ಹೆಸರು ಗುಲಾಮರ ಮೇಲೆ, ಅವರಿಗೆ ಹುಟ್ಟಿದ ಮಕ್ಕಳ ಮೇಲೆ ಬಿದ್ದು ಉಳಿದದ್ದು ಅದರ ಮುಖ್ಯ ಕಾರಣ. ಕಿಂಟೇಲಿನಲ್ಲಿ ಆಶ್ರಯದ ಗುರುತಾಗಿದ್ದ ಹೆಸರು ಅಲ್ಲಿ ಒಡೆತನದ ಮುದ್ರೆಯಾಗಿತ್ತು.

ತೋಟಗಳಿಂದ ಫ್ರಾನ್ಸಿಸನ ಸಾಲ ತೀರಲಿಲ್ಲ. ಗಂಡುಮಕ್ಕಳೆಲ್ಲ ಅವನ ಕಣ್ಣೆದುರೇ ಸತ್ತರು. 1815ರಲ್ಲಿ ಅವನು ತೀರಿಕೊಂಡ ಮೇಲೆ ಕೈಬಿಡುತ್ತ ಬಂದ ಆಸ್ತಿಯಲ್ಲಿ ಲೂಯಿಸ್ ದ್ವೀಪ ಸೇರಿತ್ತು. 1844ರಲ್ಲಿ ಅದನ್ನು 1,90,000 ಪೌಂಡಿಗೆ ಕೊಂಡವನು ಚೀನಾದ ಅಫೀಮು ವ್ಯಾಪಾರದಲ್ಲಿ ಹಣ ಮಾಡಿದ್ದ ಜೇಮ್ಸ್ ಮ್ಯಾಥೆಸನ್.

ಆ ಹೊತ್ತಿಗೆ ಬೆಟ್ಟಸೀಮೆಯುದ್ದಕ್ಕೂ ಒಕ್ಕಲೆಬ್ಬಿಸುವ ಕೆಲಸ ನಡೆದಿತ್ತು. ಜನರಿಗಿಂತ ಕುರಿಗಳಿಂದ ಹೆಚ್ಚು ಹುಟ್ಟುವಳಿ ಎಂದು ಕಂಡ ಭೂಮಾಲೀಕರು ಕಣಿವೆಗಳನ್ನು ಖಾಲಿ ಮಾಡಿಸಿದರು. ಇದನ್ನು ಬರೆದಿಟ್ಟವನೂ ಒಬ್ಬ ಮೆಕೆಂಜಿ. ಗೇರ್‌ಲಾಕ್‌ನ ಸಣ್ಣ ಹಿಡುವಳಿಯ ಬಡ ಮನೆಯಲ್ಲಿ 1838ರಲ್ಲಿ ಹುಟ್ಟಿ, ಇನ್ವರ್ನೆಸ್‌ನಲ್ಲಿ ‘ಸೆಲ್ಟಿಕ್ ಮ್ಯಾಗಜಿನ್’ ನಡೆಸಿದ ಅಲೆಕ್ಸಾಂಡರ್ ಮೆಕೆಂಜಿ. 1879ರಲ್ಲಿ ತನ್ನ ಕುಲದ ಚರಿತ್ರೆ ಪ್ರಕಟಿಸಿದ, ಮುಂದೆ ಫಿಟ್ಜೆರಾಲ್ಡ್ ಕಥೆಯನ್ನು ತಳ್ಳಿಹಾಕಿದ. 1883ರಲ್ಲಿ ಒಕ್ಕಲೆಬ್ಬಿಸಿದ ಚರಿತ್ರೆಯನ್ನು ಹೊರತಂದ. ಕುಲನಾಯಕರ ವಂಶಾವಳಿ ಬರೆದ ಕೈಯೇ ಅಂಥ ನಾಯಕರು ಒಕ್ಕಲುಗಳಿಗೆ ಮಾಡಿದ್ದನ್ನೂ ಬರೆದದ್ದರಿಂದ ಅವನ ಮೇಲೆ ಗೌರವ ಹೆಚ್ಚುತ್ತದೆ. ಅದೇ ವರ್ಷ ಸರಕಾರ ನೇಮಿಸಿದ ನೇಪಿಯರ್ ಆಯೋಗ ಊರೂರು ತಿರುಗಿ ರೈತರ ಹೇಳಿಕೆ ಪಡೆಯಿತು, 1886ರ ಕಾಯಿದೆ ಸಣ್ಣ ಹಿಡುವಳಿದಾರರಿಗೆ ಗೇಣಿಯ ಭದ್ರತೆ ಕೊಟ್ಟಿತು. ನೂರಾರು ಕಣಿವೆಗಳ ಪಾಲಿಗೆ ಅದು ತಡವಾಗಿ ಬಂತು.

ಹೋದವರಲ್ಲಿ ಕೆಲವರು ಅಧಿಕಾರಕ್ಕೇರಿದರು. ಕಲ್ಲುಕುಟಿಗನಾಗಿ ಬದುಕು ಆರಂಭಿಸಿದ ಇನ್ನೊಬ್ಬ ಅಲೆಕ್ಸಾಂಡರ್ ಮೆಕೆಂಜಿ 1873ರಲ್ಲಿ ಕೆನಡಾದ ಎರಡನೆಯ ಪ್ರಧಾನಿಯಾದ. ಎಡಿನ್‌ಬರೋದಲ್ಲಿ ಹುಟ್ಟಿದ ಥಾಮಸ್ ಮೆಕೆಂಜಿ 1912ರಲ್ಲಿ ಕೆಲವು ತಿಂಗಳು ನ್ಯೂಜಿಲೆಂಡಿನ ಪ್ರಧಾನಿಯಾಗಿದ್ದ. ಆದರೆ ನ್ಯೂಜಿಲೆಂಡಿನ ಭೂಪಟದಲ್ಲಿರುವ ಮೆಕೆಂಜಿ ಕಂಟ್ರಿ ಎಂಬ ಸೀಮೆ ಪ್ರಧಾನಿಯ ಹೆಸರನ್ನು ಹೊತ್ತಿಲ್ಲ. 1855ರ ಮಾರ್ಚಿನಲ್ಲಿ ಸಾವಿರ ಕುರಿಗಳೊಡನೆ ಅಲ್ಲಿ ಸಿಕ್ಕಿಬಿದ್ದ ಜೇಮ್ಸ್ ಮೆಕೆಂಜಿ ಎಂಬ ಗೇಲಿಕ್ ಮಾತಿನ ದನಗಾಹಿಯ ಹೆಸರು ಅದು. ಜೊತೆಗಿದ್ದದ್ದು ಫ್ರೈಡೇ ಎಂಬ ನಾಯಿ. ಅದಕ್ಕೆ ಗೇಲಿಕ್ ಮಾತ್ರ ತಿಳಿಯುತ್ತಿತ್ತೆಂದು ಅಲ್ಲಿಯ ಜನ ಇವತ್ತಿಗೂ ಹೇಳುತ್ತಾರೆ. ಕಳ್ಳತನದ ಶಿಕ್ಷೆಯಾದ ಮೇಲೂ ಅವನು ಮತ್ತೆ ಮತ್ತೆ ತಪ್ಪಿಸಿಕೊಂಡ. ವಿಚಾರಣೆಯಲ್ಲಿ ಲೋಪಗಳಿದ್ದವೆಂದು 1856ರಲ್ಲಿ ಕ್ಷಮಾದಾನ ಸಿಕ್ಕಿತು. ಕುರಿಗಳಿಗಾಗಿ ಜನರನ್ನು ಎಬ್ಬಿಸಿದ ಸೀಮೆಯಿಂದ ಬಂದವನು ಕುರಿಕಳ್ಳನಾಗಿ ಜಾನಪದ ನಾಯಕನಾದದ್ದನ್ನು ಅಲ್ಲಿಯ ಬಡ ವಲಸಿಗರು ಯಾಕೆ ಮೆಚ್ಚಿಕೊಂಡರೆಂದು ಊಹಿಸುವುದು ಕಷ್ಟವಲ್ಲ.

ಲೂಯಿಸಿನಲ್ಲಿ ಮಾತ್ರ ಮೆಕೆಂಜಿ, ಮೆಕ್ಲಿಯಡ್, ಮಾರಿಸನ್, ಮೆಕ್‌ಡೊನಾಲ್ಡ್ ಎಂಬ ಬೆರಳೆಣಿಕೆಯ ಹೆಸರುಗಳಲ್ಲೇ ಊರಿಗೆ ಊರೇ ಇರುವುದರಿಂದ ಅಡ್ಡಹೆಸರು ಗುರುತಿಗೆ ಸಾಲುವುದಿಲ್ಲ. ಅಲ್ಲಿ ಒಬ್ಬನನ್ನು ಕರೆಯುವುದು ‘ಇಯಾನ್, ಮುರ್ಚಾಗ್‌ನ ಮಗ, ಡೊನಾಲ್ಡನ ಮೊಮ್ಮಗ’ ಎಂದು. ಹೆಸರಿನ ಮುಂದೆ ಊರಿನ, ತಂದೆಯ ಮೊದಲಕ್ಷರ ಇಟ್ಟುಕೊಳ್ಳುವ ಕನ್ನಡಿಗರಿಗೆ ಈ ಕ್ರಮ ಹೊಸದೆನಿಸದು. ಇದನ್ನು ಲೂಯಿಸಿನವರು ‘ಸ್ಲೋಯಿನ್ಯ’ ಎನ್ನುತ್ತಾರೆ. ಸರಕಾರಿ ಕಾಗದದಲ್ಲಿ ಮೆಕೆಂಜಿ, ಊರ ಬಾಯಲ್ಲಿ ಅಜ್ಜನ ಹೆಸರು.

ಮ್ಯಾಥೆಸನ್ ವಂಶದಿಂದ 1918ರಲ್ಲಿ ದ್ವೀಪವನ್ನು ಕೊಂಡ ಸಾಬೂನು ಉದ್ಯಮಿ ಲಾರ್ಡ್ ಲೀವರ್‌ಹ್ಯೂಮ್ ಅಲ್ಲಿ ದೊಡ್ಡ ಮೀನುಗಾರಿಕೆ ಕಟ್ಟಲು ಹೊರಟ. ಮೊದಲ ಮಹಾಯುದ್ಧದಿಂದ ಮರಳಿದ ಯುವಕರು ಕೇಳಿದ್ದು ಉಳುವ ಭೂಮಿ. ಅದನ್ನು ಅವನು ಕೊಡಲೊಲ್ಲ, ಅವರು ಫಾರಂಗಳಿಗೆ ನುಗ್ಗಿ ಬೇಲಿ ಕಿತ್ತರು. ಸೋತು ಹೊರಡುವಾಗ, 1923ರಲ್ಲಿ, ದ್ವೀಪವನ್ನು ಅಲ್ಲಿಯ ಜನರಿಗೇ ಉಚಿತವಾಗಿ ಕೊಡಲು ಮುಂದಾದ. ಖರ್ಚಿನ ಭಯಕ್ಕೆ ಉಳಿದ ಊರುಗಳು ಬೇಡವೆಂದವು. ಸ್ಟೋರ್ನೋವೇ ಪ್ಯಾರಿಷ್ ಒಪ್ಪಿಕೊಂಡಿತು. ಅದೇ ವರ್ಷದ ಏಪ್ರಿಲ್ 21ರಂದು ‘ಮೆಟಗಾಮ’ ಎಂಬ ಹಡಗು ಸುಮಾರು 300 ಮಂದಿ ಯುವಕ ಯುವತಿಯರನ್ನು ಹತ್ತಿಸಿಕೊಂಡು ಆ ಬಂದರಿನಿಂದ ಕೆನಡಾಕ್ಕೆ ಹೊರಟಿತು. ಲೀವರ್‌ಹ್ಯೂಮ್‌ನ ಕೊಡುಗೆಯಿಂದ ಹುಟ್ಟಿದ ಸ್ಟೋರ್ನೋವೇ ಟ್ರಸ್ಟ್ ಇಂದಿಗೂ ಅಲ್ಲಿಯ ಭೂಮಿಯ ಒಡೆಯ; ಅದರ ಸದಸ್ಯರನ್ನು ಆರಿಸುವವರು ಆ ನೆಲದ ನಿವಾಸಿಗಳು, ಅವರ ಅಡ್ಡಹೆಸರು ಯಾವುದೇ ಇರಲಿ.